ಕರೆದರೆ ಬಂದೇಬಿಟ್ಟರು

"ಏನವ್ವ, ಯಾರ ಮಗಳು ನೀನು?"

ಕೋಟೆ ಗೋಡೆಯ ನೆರಳಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಮುದುಕಿ ಎರಡನೇ ಸಲ ಕೇಳಿದಳು. ದುರ್ಗಿ ತುಟಿ ಬಿಗಿಹಿಡಿದು ನಿಂತಳು.

"ಒಬ್ಬಾಕಿನ ಬಂದೀಯೇನು? ಯಾವ ಊರು?"

ದುರ್ಗಿ ತಲೆಯನ್ನೂ ಆಡಿಸಲಿಲ್ಲ. ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯೋ ಪಾಪ, ಮಾತು ಬರಂಗಿಲ್ಲ ಕಾಣತೈತಿ," ಅಂದು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು.

ದುರ್ಗಿಗೆ ಮಾತು ಬರುತ್ತಿತ್ತು. ಬೇಕಾದಷ್ಟು ಬರುತ್ತಿತ್ತು. ಏಳನೇ ಕ್ಲಾಸಿನಲ್ಲಿ ಮಾತಿಗಾಗಿಯೇ ಬೆಂಚಿನ ಮೇಲೆ ನಿಂತವಳು ಅವಳು. ಇವತ್ತು ಮಾತ್ರ ಆಡುವಂತಿರಲಿಲ್ಲ.

ತೆಲಿಗಿಯಿಂದಾಚೆ ಅವಳ ಹಳ್ಳಿ. ಅಲ್ಲಿ ಏಳನೇ ಕ್ಲಾಸಿಗೆ ಶಾಲೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ದಿನಾ ಬಸ್ಸು ಹತ್ತಿ ಹರಪನಹಳ್ಳಿಗೆ ಬರಬೇಕು. ಅಪ್ಪ ಮಂಜಣ್ಣ ಹೂಂ ಅಂದಿದ್ದ. ಆದರೆ ಅಪ್ಪನ ಹೂಂಗೆ ಬೆಲೆ ಬರಬೇಕಾದರೆ ಅವನ ಅವ್ವ, ಎರ್ರೆಮ್ಮಜ್ಜಿ, ಹೂಂ ಅನ್ನಬೇಕು. ಅಜ್ಜಿ ಬಹಳ ದಿನ ಸುಮ್ಮನಿದ್ದು ಕಡೆಗೆ ಒಂದು ಪರೀಕ್ಷೆ ಇಟ್ಟಳು.

"ಒಂದಿನ ಒಬ್ಬಾಕಿನ ಹೋಗು. ಊರು ನೋಡು, ಹೋಟ್ಲಾಗ ಏನಾರ ಉಣ್ಣು, ಸಂಜಿ ಬಸ್ಸಿಗೆ ವಾಪಸ್ ಬಾ. ಕಂಡಕ್ಟ್ರು, ಹೋಟ್ಲಿನೋರು, ಇಷ್ಟ ಮಂದಿ ಕೂಡ ಮಾತು. ಗುರುತಿಲ್ಲದೋರ ಕೂಡ ಒಂದು ಮಾತು ಆಡಿದ್ಯೋ, ಹೈಸ್ಕೂಲು ಇಲ್ಲ, ಏನೂ ಇಲ್ಲ. ಕುರಿ ಹಿಂದ ಹೋಗು."

ಹಂಗಾಗಿ ದುರ್ಗಿ ಬಾಯಿ ಮುಚ್ಚಿಕೊಂಡೇ ಕೋಟೆ ಹತ್ತಿದಳು. ಪಾಳೇಗಾರರ ಕಾಲದ್ದಂತೆ. ಗೋಡೆ ಅರ್ಧ ನಿಂತಿತ್ತು, ಅರ್ಧ ಬಿದ್ದಿತ್ತು. ಗುಂಡು ಹಾರಿಸಲು ಬಿಟ್ಟಿದ್ದ ಕಿಂಡಿಯಲ್ಲಿ ಗಿಳಿಯೊಂದು ಮರಿ ಮಾಡಿತ್ತು. ಮರಿಗಳಿಗೆ ಇನ್ನೂ ಪೂರ್ತಿ ಪುಕ್ಕ ಬಂದಿರಲಿಲ್ಲ.

"ಏ, ಇಲ್ನೋಡಲೇ!" ಅಂತ ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಆಮೇಲೆ ಕೆರೆ ನೋಡಿದಳು. ಹನುಮಪ್ಪನ ಗುಡಿ ನೋಡಿದಳು. ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಹೇಳಲು ಯಾರೂ ಇಲ್ಲದೆ, ನೋಡಿದ್ದೆಲ್ಲ ಹೊಟ್ಟೆಯೊಳಗೇ ಕೂತಿತ್ತು. ಅವಳಿಗೆ ಬೇಜಾರಾಯಿತು, ಹಸಿವೂ ಆಯಿತು.

ಬಸ್‌ಸ್ಟ್ಯಾಂಡಿನ ಎದುರು, ಎಸ್.ಟಿ.ಡಿ. ಬೂತಿನ ಪಕ್ಕ ಒಂದು ಹೋಟೆಲು ಇತ್ತು.

"ಜೋಡಿ ಯಾರದಾರವ್ವ?" ಹೋಟೆಲಿನವನು ಕೇಳಿದ.

"ಯಾರೂ ಇಲ್ರಿ. ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣಿ, ನಾಕು ಮಿರ್ಚಿ ಕೊಡ್ರಿ." ಹಿಂಗೆ ಹೇಳಿದ್ದಕ್ಕೆ ಅವಳಿಗೇ ತನ್ನ ಮೇಲೆ ಹೆಮ್ಮೆಯಾಯಿತು.

ಜಾಗ ಇದ್ದದ್ದು ಒಂದೇ ಟೇಬಲ್ಲಿನಲ್ಲಿ. ಎದುರಿಗೆ ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ಒಬ್ಬರು ಚಾಕ್ಕೆ ಕಾಯುತ್ತಾ ಕೂತಿದ್ದರು. ದುರ್ಗಿ ಅವರ ಕಡೆ ನೋಡಲೇ ಇಲ್ಲ. ಪ್ಲೇಟು ಬಂತು. ಮಿರ್ಚಿ ಬಜ್ಜಿ ಇನ್ನೂ ಚುರ್‌ಗುಟ್ಟುತ್ತಿದ್ದವು. ಕೈ ಪ್ಲೇಟಿಗೆ ಹೋಯಿತು, ಬಾಯಿ ತಾನಾಗಿಯೇ ಅಂದಿತು:

"ಬರ್ರಿ, ಉಣ್ಣಾಣ."

ಈ ಕಡೆಯ ಊರುಗಳಲ್ಲಿ ಎಲ್ಲರೂ ಹಂಗೇ ಕರೆಯುತ್ತಾರೆ. ಕರೆಸಿಕೊಂಡವರು "ಮಾಡವ್ವ, ನಮ್ದಾತು" ಅನ್ನುತ್ತಾರೆ. ಹಸಿದು ಕಣ್ಣು ಕತ್ತಲೆ ಬರುತ್ತಿದ್ದರೂ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಈ ಮನುಷ್ಯರಿಗೆ ಅದು ಗೊತ್ತಿರಲಿಲ್ಲ.

"ಹೌದಾ? ಥ್ಯಾಂಕ್ಸ್ ಪುಟ್ಟಿ!" ಅಂದವರೇ ಕುರ್ಚಿ ಮುಂದಕ್ಕೆಳೆದು ಒಂದು ಮಿರ್ಚಿ ಎತ್ತಿಕೊಂಡರು.

ದುರ್ಗಿ ಕಣ್ಣು ಪಿಳಿಪಿಳಿ ಬಿಟ್ಟಳು. ಅವರು ಮಿರ್ಚಿ ಕಚ್ಚಿದರು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು.

"ಅಬ್ಬಾ, ಏನು ಖಾರ ಇದು!"

"ಮಂಡಕ್ಕಿ ತಿನ್ರಿ ಸರ್. ಬರೇ ಮಿರ್ಚಿ ತಿಂದ್ರ ಹಿಂಗ ಆಗೋದು."

ಅಷ್ಟು ಅಂದದ್ದೇ ತಡ, ಬೆಳಗಿನಿಂದ ಕಟ್ಟಿಕೊಂಡಿದ್ದ ಮಾತೆಲ್ಲ ಹೊರಬಂತು. ಅವರು ಮೈಸೂರಿನವರಂತೆ, ಹಳೇ ಕೋಟೆಗಳ ಫೋಟೋ ತೆಗೆಯುತ್ತಾರಂತೆ. ಕಿಂಡಿಯ ಗಿಳಿಮರಿ ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ.

"ರೋಲಿನಲ್ಲಿ ಒಂದೇ ಫೋಟೋ ಉಳಿದಿದೆ," ಅಂದವರು ಚಾ ಕುಡಿದು, ಇನ್ನೊಂದು ಮಿರ್ಚಿಯನ್ನೂ ಮುಗಿಸಿ, ಕೋಟೆ ಕಡೆ ಓಡಿಯೇಬಿಟ್ಟರು.

ಬಸ್ಸಿನಲ್ಲಿ ಕೂತ ಮೇಲೆ ದುರ್ಗಿಗೆ ಅಜ್ಜಿಯ ಪರೀಕ್ಷೆ ನೆನಪಾಯಿತು. ಮಾತಾಡಿಬಿಟ್ಟಿದ್ದಳು. ಒಂದು ಮಾತಲ್ಲ, ನೂರು ಮಾತು! ಯಾರೂ ನೋಡಿರಲಿಲ್ಲ ನಿಜ. ಹೇಳದಿದ್ದರೆ ಆಯಿತು. ತೆಲಿಗಿ ದಾಟುವವರೆಗೂ ಹೇಳುವುದಿಲ್ಲ ಅಂತಲೇ ಇತ್ತು.

ಮನೆಯಲ್ಲಿ ಅಜ್ಜಿ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಗೋಡೆಗೆ ಒರಗಿ ಕೂತಿದ್ದ.

"ಬಂದ್ಯಾ? ಯಾರ ಕೂಡ ಮಾತಾಡಿದಿ?"

ಅಜ್ಜಿ ಅಷ್ಟು ನೇರ ಕೇಳಿದ ಮೇಲೆ ಸುಳ್ಳು ಹೇಳಲು ದುರ್ಗಿಗೆ ಆಗಲಿಲ್ಲ.

"ಗುರುತಿಲ್ಲದೋರು ಒಬ್ರ ಕೂಡ."

ಅಪ್ಪ ತಲೆ ತಗ್ಗಿಸಿದ.

"ಅವರು ಮಾತಾಡಿಸಿದ್ರೋ, ನೀನೋ?"

"ನಾನ."

ಬಡಿಯುತ್ತಿದ್ದ ಕೈ ನಿಂತಿತು. "ಏನಂದಿ?"

"ಎದುರಿಗೆ ಕುಂತಿದ್ರು. ಬರ್ರಿ, ಉಣ್ಣಾಣ ಅಂದೆ." ಹೈಸ್ಕೂಲು ಹೋಯಿತು ಅಂತ ದುರ್ಗಿಯ ಕಣ್ಣು ತುಂಬಿತು.

ಅಜ್ಜಿ ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಮತ್ತ? ಕರೀದ ಉಣ್ಣಾಕ ಆಗತೈತೇನು?" ಅಂದಳು, ದುರ್ಗಿಯೇ ಏನೋ ತಿಳಿಯದ ಪ್ರಶ್ನೆ ಕೇಳಿದ ಹಾಗೆ. "ನಮ್ದಾತು ಅಂದ್ರಾ?"

"ಇಲ್ಲಜ್ಜಿ. ಬಂದಾ ಬಿಟ್ರು. ಎರಡು ಮಿರ್ಚಿ ತಿಂದ್ರು."

"ಬಂದಾ ಬಿಟ್ರಾ!" ಅಜ್ಜಿ ಹಂಚು ಬಿಟ್ಟು ಪೂರ್ತಿ ತಿರುಗಿದಳು. ಅಪ್ಪ ಕೆಮ್ಮು ಬಂದವನಂತೆ ಮುಖ ಆ ಕಡೆ ಮಾಡಿದ.

"ಏನು ಮಂದಿನೋ ಏನೋ! ಕೂಸಿನ ಮುಂದಿಂದು ತಿಂದಾರಂತ." ಅಜ್ಜಿ ಗೊಣಗುತ್ತಾ ರೊಟ್ಟಿ ತಿರುವಿದಳು. "ನಿನ್ನ ಹೊಟ್ಟಿ ತುಂಬಿತೇನು?"

"ಅರ್ಧ."

"ಜೂನಿನ್ಯಾಗ ಬುತ್ತಿಗೆ ಎರಡು ರೊಟ್ಟಿ ಹೆಚ್ಚಿಗಿ ಕಟ್ಟತೀನಿ. ಕರದ್ರ ಬರೋ ಮಂದಿ ಐತಿ ಆ ಊರಾಗ."

ದುರ್ಗಿ ಅಪ್ಪನ ಕಡೆ ನೋಡಿದಳು. ಸುಮ್ಮನಿರು ಅಂತ ಅಪ್ಪ ಕಣ್ಣಲ್ಲೇ ಹೇಳಿದ. ಜೂನಿನಲ್ಲಿ ಆ ಬುತ್ತಿ ಎಲ್ಲಿಗೆ ಅಂತ ದುರ್ಗಿ ಕೇಳಲಿಲ್ಲ. ಕಣ್ಣೊರೆಸಿಕೊಂಡು, ಬಿಸಿ ರೊಟ್ಟಿಗೆ ತಟ್ಟೆ ಚಾಚಿದಳು.