ಅಳಿಸಿಹೋದ ಎಲ್ಲಮ್ಮ

"ನನ್ನ ಎಲ್ಲಮ್ಮ ಎಲ್ಲಿ?"

ಸವದತ್ತಿ ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಝೆರಾಕ್ಸ್‌ಗೆ ನಿಂತಿದ್ದವರೆಲ್ಲ ತಿರುಗಿ ನೋಡಿದರು.

ಅಂಗಡಿಯ ಕಾಂತೇಶ ಗಾಬರಿಯಾದ. "ಗುಡ್ಡದ ಮ್ಯಾಲ ಅದಾಳಲ್ರೀ..."

ಯಾರೋ ನಕ್ಕರು. ಭಾಗೀರಥಿ ನಗಲಿಲ್ಲ. ಕೈಯಲ್ಲಿದ್ದ, ಗೆರೆ ನಕ್ಷೆಗಳನ್ನೂ ಬಿಡಿಸುವ ಗ್ರಾಫಿಂಗ್ ಕ್ಯಾಲ್ಕುಲೇಟರನ್ನು ಅವನ ಮುಖಕ್ಕೆ ಹಿಡಿದಳು.

"ಇದರಾಗಿದ್ದ ಎಲ್ಲಮ್ಮ! ನನ್ನ ಪ್ರೋಗ್ರಾಂ! ಪೆನ್‌ಡ್ರೈವ್‌ನಾಗಿಂದು ಇದಕ್ಕ ಹಾಕ್ರಿ ಅಂದಿದ್ದೆ. ಇದ್ದದ್ದನ್ನ ತಗೀರಿ ಅಂದಿದ್ನೇನು?"

ಕಾಂತೇಶನಿಗೆ ನೆನಪಾಯಿತು. ಬೆಳಿಗ್ಗೆ ಕೇಬಲ್ ಚುಚ್ಚಿ ಕಂಪ್ಯೂಟರಿನಿಂದ ಕಳಿಸುವಾಗ ಆ ಯಂತ್ರ ಕೇಳಿತ್ತು: ಇದೇ ಹೆಸರಿನದು ಒಳಗಿದೆ, ಅದರ ಮೇಲೆ ಬರೆಯಲೇ? ಗಿರಾಕಿಗಳ ಗದ್ದಲದಲ್ಲಿ ಅವನು ಹೌದು ಒತ್ತಿದ್ದ.

"ಎರಡರ ಹೆಸರೂ ಎಲ್ಲಮ್ಮ ಅಂತನ ಇತ್ತ್ರಿ... ಎರಡೂ ಒಂದ ಅನ್ಕೊಂಡೆ."

ಸವದತ್ತಿಯಲ್ಲಿ ಹೊಸದೇನು ಶುರು ಮಾಡಿದರೂ ಮೊದಲು ಗುಡ್ಡದ ತಾಯಿ ಎಲ್ಲಮ್ಮನ ಹೆಸರು. ಭಾಗೀರಥಿ ತನ್ನ ಮೊದಲ ಪ್ರೋಗ್ರಾಮಿಗೆ ಅದನ್ನೇ ಇಟ್ಟಿದ್ದಳು. ಅವಳಿಗೆ ಕೆಲಸ ಕೊಟ್ಟ ಸರ್ವೇಯರ್ ಮಲಕಾಜಪ್ಪ, ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದ ತಮ್ಮ ಪ್ರೋಗ್ರಾಮಿಗೂ ಅದನ್ನೇ ಇಟ್ಟಿದ್ದರು.

ಅವರದು ಹೊಲದ ವಿಸ್ತೀರ್ಣ ಹೇಳುತ್ತಿತ್ತು, ಅಷ್ಟೆ. ಅವಳದು ಸೊಟ್ಟ ಹೊಲವನ್ನು ಸಮಪಾಲು ಮಾಡುವ ಗೆರೆಯನ್ನು ಪರದೆಯ ಮೇಲೆ ಎಳೆದೇ ತೋರಿಸುತ್ತಿತ್ತು. ಒಂದೊಂದೇ ಗುಂಡಿ ಒತ್ತಿ ಬರೆದದ್ದು. ಬೇರೆಲ್ಲೂ ನಕಲಿಲ್ಲ.

ನಾಳೆ ಸಾಲಹಳ್ಳಿಯಲ್ಲಿ ಶಟ್ಟೆಪ್ಪನಿಗೂ ಅವನ ತಂಗಿ ಬೀರವ್ವನಿಗೂ ಹೊಲ ಪಾಲು ಮಾಡಬೇಕು. ಭಾಗೀರಥಿ ಒಬ್ಬಳೇ ಮಾಡುವ ಮೊದಲ ಅಳತೆ. "ತಪ್ಪಿದ್ರ ಇನ್ನ ಹೊಲದ ಮಾತು ಬ್ಯಾಡ, ಆಫೀಸಿನ್ಯಾಗ ನಕ್ಷೆ ಮಡಚ್ಕೋತ ಕುಂದರು" ಎಂದಿದ್ದರು ಮಲಕಾಜಪ್ಪ.

"ಹೋಗಲಿ ಬಿಡವಾ," ಝೆರಾಕ್ಸ್‌ಗೆ ನಿಂತಿದ್ದ ಮುದುಕ ಸಮಾಧಾನ ಹೇಳಿದ. "ನಿಮ್ಮ ಮಲಕಾಜಪ್ಪನ ಅಕ್ಕನ ಮಗ ಅಂವ. ಬೇಕಂತ ಮಾಡಿರಾಕಿಲ್ಲ."

ಅಕ್ಕನ ಮಗ!

ಭಾಗೀರಥಿ ಕ್ಯಾಲ್ಕುಲೇಟರನ್ನು ಚೀಲಕ್ಕೆ ತುರುಕಿದಳು. ಹಾಗಾದರೆ ಇದು ಕೈತಪ್ಪಲ್ಲ... ಹೆಣ್ಣುಮಗಳು ಹೊಲಕ್ಕೆ ಇಳಿಯಬಾರದೆಂದು ಮಾವ ಅಳಿಯ ಕೂಡಿ ಮಾಡಿದ್ದು!

"ನಿಮ್ಮ ಮಾವಗ ಹೇಳ್ರಿ, ಸಾಲಹಳ್ಳಿಗೆ ನಾ ಹೋಗಾಕಿನ!"

ಕಾಂತೇಶ ಕೂಗುತ್ತ ರಸ್ತೆಯವರೆಗೆ ಬಂದ. ಅವಳು ತಿರುಗಲಿಲ್ಲ.

ಮರುದಿನ ಹೊಲದ ಸುತ್ತಳತೆ ಮುಗಿಸಿ, ಭಾಗೀರಥಿ ಬದುವಿನ ಬೇವಿನ ಮರದಡಿ ಕೂತು, ಅಳಿಸಿಹೋದ ಪ್ರೋಗ್ರಾಮನ್ನು ನೆನಪಿನಿಂದ ಮತ್ತೆ ಬರೆಯಲು ಗುಂಡಿ ಒತ್ತುತ್ತಿದ್ದಳು. ಎಲ್ಲೋ ಒಂದು ಗುಂಡಿ ತಪ್ಪುತ್ತಿತ್ತು. ಗೆರೆ ಬರುತ್ತಿರಲಿಲ್ಲ.

"ಏನವಾ, ಮೆಸೇಜ್ ಯಾರಿಗೆ ಮಾಡಾಕತ್ತಿ?" ಶಟ್ಟೆಪ್ಪ ಕೆಣಕಿದ. "ಕಣ್ಣಳತಿ ಮಾಡಿ ಮುಗಸು ಅತ್ಲಾಗ."

"ನಿನ್ನ ಕಣ್ಣಳತಿಗೆ ಬಿಟ್ರ ನನಗ ಬದುವು ಒಂದ ಉಳೀತೈತಿ!" ಎಂದಳು ಬೀರವ್ವ.

ಆಗ ಧೂಳೆಬ್ಬಿಸುತ್ತ ಬೈಕ್ ಬಂತು. ಕಾಂತೇಶ! ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಕೇಬಲ್.

"ಮತ್ತೇನು ಅಳಸಾಕ ಬಂದ್ರಿ?"

"ನೀವು ಹೇಳ್ರಿ, ನಾ ಟೈಪ್ ಮಾಡ್ತೇನಿ. ಆ ಸಣ್ಣ ಗುಂಡಿ ಒತ್ಕೋತ ಕುಂತ್ರ ಹೊತ್ತು ಮುಳಗತೈತಿ."

"ನಿಮ್ಮನ್ನ ಯಾಕ ನಂಬಲಿ?"

"ನಂಬಬ್ಯಾಡ್ರಿ. ಬಾಜೂಕ ಕುಂತು ಒಂದೊಂದ ಸಾಲು ನೋಡ್ರಿ."

ಅವಳು ಕೂತಳು, ದೂರವೇ. ಎಲೆಗಳ ನಡುವಿಂದ ಬೀಳುವ ಬಿಸಿಲಿಗೆ ಲ್ಯಾಪ್‌ಟಾಪ್ ಪರದೆ ಕಾಣುತ್ತಿರಲಿಲ್ಲ. ಅವನು ತಲೆಯ ಮೇಲೆ ಟವೆಲ್ ಹೊದ್ದು ನೆರಳು ಮಾಡಿದ. ವಿಧಿಯಿಲ್ಲದೆ ಅವಳೂ ಅದರೊಳಗೆ ತಲೆ ತೂರಿಸಿದಳು.

"ಅಳತಿ ಹೊಲದ್ದೋ, ಇವರದೋ?" ಬೀರವ್ವನ ದನಿ ಕೇಳಿಸಿತು. ಭಾಗೀರಥಿಯ ಕಿವಿ ಬಿಸಿಯಾಯಿತು.

"ಈ ಸಾಲು ಯಾಕ್ರಿ?" ಅವನು ನಡುವೆ ಕೇಳಿದ. ಅವಳು ಹೇಳಿದಳು. "ಮತ್ತ ಇದು?" ಅದನ್ನೂ ಹೇಳಿದಳು. ಮಲಕಾಜಪ್ಪ ಉತ್ತರವಷ್ಟೇ ಕೇಳುತ್ತಿದ್ದರು. 'ಯಾಕೆ' ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ... ಬೇಕಂತ ಕೆಡಿಸಿದವನು ಹೀಗೆ ಕೇಳುತ್ತಾನೆಯೇ?

"ಹೆಸರು ಏನಿಡ್ಲಿ?"

"ಬೀರವ್ವ."

ಕೇಬಲ್ ಚುಚ್ಚಿದರು. ಹೊಸ 'ಬೀರವ್ವ' ಕ್ಯಾಲ್ಕುಲೇಟರಿನೊಳಗೆ ಹೋದಳು. ಭಾಗೀರಥಿ ಅಳತೆಗಳನ್ನು ತುಂಬಿ ಗುಂಡಿ ಒತ್ತಿದಳು. ಪರದೆಯ ಮೇಲೆ ಸೊಟ್ಟ ಹೊಲ ಮೂಡಿತು. ಅದರ ನಡುವೆ, ನಿಧಾನವಾಗಿ, ಗೆರೆ!

ಕಾಂತೇಶ ಟೇಪಿನ ಒಂದು ತುದಿ ಹಿಡಿದ. ಗೆರೆಯುದ್ದಕ್ಕೂ ಕಲ್ಲು ನೆಟ್ಟರು. ಶಟ್ಟೆಪ್ಪ ಎರಡೂ ಪಾಲು ಮತ್ತೆ ಅಳೆಸಿದ. ಸಮ ಬಂತು. ಶಟ್ಟೆಪ್ಪ ತನ್ನ ಹೆಗಲ ಟವೆಲ್ ಕೊಡವಿ ಹೊರಟ. ಬೀರವ್ವ ತನ್ನ ಪಾಲಿನೊಳಗೆ ಹೋಗಿ ನಿಂತಳು.

"ನಿನ್ನಿ ಇಲ್ಲದ್ದೆಲ್ಲ ತಿಳ್ಕೊಂಡೆ..." ಟೇಪಿನ ಈ ತುದಿಯಿಂದ ಭಾಗೀರಥಿ ಹೇಳಿದಳು.

"ನಾನೂ ಒಂದು ಹೇಳೂದು ಐತ್ರಿ. ತಪ್ಪು ತಿದ್ದಾಕ ಬಂದೇನಿ ಅನ್ಕೊಂಡಿದ್ದೆ. ದಾರ್ಯಾಗ ಗೊತ್ತಾತು, ಬರೇ ಅದಕ್ಕಲ್ಲ... ನೀವು ನನ್ನ ಮನಸಿಗೆ ಬಂದೀರಿ."

"ಮಂದಿ ಮುಂದ ಬೈದಾಕಿ?"

"ಹೂಂ. ಇನ್ನೂ ಬೈಯ್ರಿ, ಬ್ಯಾಡ ಅನ್ನೂದಿಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ತಲೆ ತಗ್ಗಿಸಿ ಟೇಪ್ ಸುತ್ತತೊಡಗಿದಳು. ಅವನು ತುದಿ ಬಿಡಲಿಲ್ಲ. ಟೇಪ್ ಮೊಟಕಾದಂತೆಲ್ಲ ಹೆಜ್ಜೆ ಹೆಜ್ಜೆಗೂ ಹತ್ತಿರ ಬಂದ.

"ಅಳತಿ ಮುಗೀತಲ್ರಿ. ಇನ್ನ ಬಿಡ್ರಿ."

"ನೀವು ಬಿಡು ಅಂದ್ರ ಬಿಡ್ತೇನಿ."

ಭಾಗೀರಥಿಯ ಕೈ ನಿಂತಿತು.

"...ಬ್ಯಾಡ. ಹಿಡ್ಕೊಂಡ ಬರ್ರಿ."