ಹೊನ್ನಾಜಿ ಮತ್ತು ಹಾರುವ ಉಕ್ಕಿನ ಬೊಂಬೆ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಆಲೆಪುರವೆಂಬ ರಾಜ್ಯವಿತ್ತು. ಅಲ್ಲಿ ಕತ್ತಿ ಮಾಡುವವರಿಗಿಂತ ಬೊಂಬೆ ಮಾಡುವವರೇ ಹೆಚ್ಚು. ಮನೆಮನೆಯ ಜಗಲಿಯಲ್ಲೂ ಮರ ಕಡೆಯುವ ಸದ್ದು, ಬೀದಿಯ ತುಂಬ ಅರಗಿನ ಬಣ್ಣದ ವಾಸನೆ.

ಆ ರಾಜ್ಯದಲ್ಲಿ ಒಂದು ಕಟ್ಟಳೆಯಿತ್ತು. ಯಾರೇ ಬೊಂಬೆ ಮಾಡಲಿ, ಎಲ್ಲಿಂದಲೇ ತರಲಿ, ಮೊದಲು ಅದನ್ನು ಬೊಂಬೆ ನೋಡುವವಳ ಕೈಗೆ ಕೊಡಬೇಕು. ಅವಳು ನೆಲದ ಮೇಲೆ ಕೂತು ಮೂರು ಪರೀಕ್ಷೆ ಮಾಡುತ್ತಾಳೆ. ಮೂರೂ ಮುಗಿಯುವ ತನಕ ತೀರ್ಪು ಹೇಳುವಂತಿಲ್ಲ. ಮುಗಿದ ಮೇಲೆ "ಆಡಬಹುದು" ಎಂದರೆ ಬೊಂಬೆ ಮಕ್ಕಳ ಕೈಗೆ ಹೋಗುತ್ತದೆ. "ಆಡಬಾರದು" ಎಂದರೆ ಮಾಡಿದವನೇ ಎಲ್ಲರೆದುರು ಕೂತು, ಕೈಯಾರೆ ಅದನ್ನು ಬಿಚ್ಚಿ, ಯಾವುದರಿಂದ ಮಾಡಿದ್ದನೋ ಮತ್ತೆ ಅದೇ ಆಗುವಂತೆ ಮಾಡಬೇಕು. ಊರಬಾಗಿಲಲ್ಲಿ ವೀಳ್ಯ ತೆಗೆದುಕೊಂಡವನು ಈ ಕಟ್ಟಳೆಗೆ ತಲೆಬಾಗಿದ ಹಾಗೆ. ಆ ವೀಳ್ಯವನ್ನು ಮುಟ್ಟಿದ ಕೈ ಕಟ್ಟಳೆ ಮೀರಲಾರದು.

ಆಗ ಬೊಂಬೆ ನೋಡುತ್ತಿದ್ದವಳು ಹೊನ್ನಾಜಿ. ವಯಸ್ಸು ಇಪ್ಪತ್ತೆರಡು, ನಾಲಿಗೆ ಖಾರ. ಹೆತ್ತ ತಂದೆ ಮಾಡಿದ ಗಿಲಕಿಯನ್ನೇ "ಆಡಬಾರದು" ಎಂದು ಬಿಚ್ಚಿಸಿದವಳು ಅವಳು. ಅಪ್ಪ ಮೂರು ದಿನ ಮಾತು ಬಿಟ್ಟಿದ್ದ. "ಬಿಟ್ರೆ ಬಿಡ್ಲಿ. ಯಾರದೋ ಕೂಸಿನ ಗಂಟಲಿಗೆ ಮಣಿ ಸಿಕ್ಕೋದಕ್ಕಿಂತ ವಾಸಿ" ಎಂದಿದ್ದಳು. ಅಂಥವಳನ್ನು ಕಂಡರೆ ಯಾರಿಗೆ ತಾನೆ ಇಷ್ಟ? ಆದರೆ ಆಲೆಪುರದ ತಾಯಂದಿರು ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಿದ್ದದ್ದು ಅವಳಿಂದಲೇ.

ಒಂದು ದಿನ ಬೆಳಿಗ್ಗೆ ಉಕ್ಕುಗೈ ಎಂಬ ಮಾಯಗಾರ ಊರಬಾಗಿಲಿಗೆ ಬಂದ. ಅವನ ಹಿಂದೆ ಬಂಡಿಗಳ ಸಾಲು, ಬಂಡಿಗಳಲ್ಲಿ ಮುನ್ನೂರು ಪೆಟ್ಟಿಗೆ. ಬಾಗಿಲವರು ವೀಳ್ಯ ಒಡ್ಡಿದರು. ಅವನು ಅದನ್ನು ಬರಿಯ ಉಪಚಾರವೆಂದುಕೊಂಡು, ನಗುತ್ತ ಬಾಯಿಗೆ ಹಾಕಿಕೊಂಡು ನೇರ ಅರಮನೆಗೆ ನಡೆದ.

ದೊರೆ ತಿಪ್ಪರಾಜನ ಮುಂದೆ ಅವನೊಂದು ಪೆಟ್ಟಿಗೆ ತೆರೆದ. ಒಳಗೆ ಮೊಣಕಾಲೆತ್ತರದ ಉಕ್ಕಿನ ವೀರ. ಉಕ್ಕುಗೈ ಅದರ ಭುಜ ಮಡಚಿದ, ಕಾಲು ಹಿಂದಕ್ಕೆ ಸೇರಿಸಿದ, ತಲೆ ಎದೆಯೊಳಕ್ಕೆ ತಳ್ಳಿದ. ಕಟಕಟ ಸದ್ದಾಯಿತು. ವೀರ ಹೋಗಿ ಚೂಪು ಮೂತಿಯ, ಓರೆ ರೆಕ್ಕೆಯ ಯುದ್ಧವಿಮಾನವಾಯಿತು! ಈಗಿನ ಮಕ್ಕಳಾದರೆ ರೋಬೋಟು, ಜೆಟ್ಟು ಎಂದು ಥಟ್ಟನೆ ಹೆಸರು ಹೇಳಿಬಿಡುತ್ತಿದ್ದರು. ಆಗಿನವರಿಗೆ ಹೆಸರೇ ಗೊತ್ತಿರಲಿಲ್ಲ. ಬಾಯಿ ಬಿಟ್ಟುಕೊಂಡು ನೋಡಿದರು, ಅಷ್ಟೇ.

ಎಲ್ಲರಿಗಿಂತ ಅಗಲವಾಗಿ ಬಾಯಿ ಬಿಟ್ಟವನು ದೊರೆ. ಅವನು ಸಿಂಹಾಸನದಿಂದಿಳಿದು ಮಂಡಿಯೂರಿದ.

"ನಾಳೆ ನನ್ನ ಮಗಳು ಚೆಲುವಾಂಬೆಗೆ ಆರು ತುಂಬುತ್ತದೆ. ಅವಳಿಗೊಂದು ಇರಲಿ. ಊರ ಮಕ್ಕಳಿಗೆಲ್ಲ ಒಂದೊಂದು ಇರಲಿ. ನನಗೂ ಒಂದು ಎತ್ತಿಡಿ" ಎಂದ. ಆಮೇಲೆ ಕಟ್ಟಳೆ ನೆನಪಾಗಿ, "ಹೊನ್ನಾಜಿಯನ್ನು ಕರೆಯಿರಿ. ಬೇಗ ಮುಗಿಸಲು ಹೇಳಿ" ಎಂದ.

ಹೊನ್ನಾಜಿ ಬಂದಳು. ದೊರೆಗೆ ಕೈಮುಗಿದು, ಸಭೆಯ ನಡುವೆ ನೆಲದ ಮೇಲೆ ಕೂತು, ಉಕ್ಕಿನ ವೀರನನ್ನು ತೊಡೆಯ ಮೇಲೆ ಮಲಗಿಸಿಕೊಂಡಳು.

ಮೊದಲನೆಯದು ಬಾಯಿಯ ಪರೀಕ್ಷೆ. ಮಕ್ಕಳು ಏನು ಸಿಕ್ಕಿದರೂ ಬಾಯಿಗಿಡುತ್ತವಲ್ಲ, ಹಾಗೆ ಅವಳೂ ಬೊಂಬೆಯ ಕೆನ್ನೆಯನ್ನು ನೆಕ್ಕಿ ನೋಡಿದಳು. ಹುಬ್ಬು ಗಂಟಿಕ್ಕಿತು.

"ಉಪ್ಪಗೈತೆ ಬುದ್ಧಿ" ಎಂದಳು ದೊರೆಗೆ. "ಉಕ್ಕು ಅಂದ್ಮೇಲೆ ಎಣ್ಣೆ ರುಚಿ ಇರ್ಬೇಕು. ಇದು ಕಣ್ಣೀರಿನ ರುಚಿ."

"ದಾರಿಯ ಧೂಳಿರಬೇಕು. ಮುಂದಿನದು ಮಾಡು" ಎಂದ ದೊರೆ.

ಉಕ್ಕುಗೈ ಮೆಲ್ಲಗೆ ಅವಳ ಬಳಿ ಬಾಗಿದ. "ಜಾಣೆ ನೀನು. ಅದಕ್ಕೇ ಹೇಳುತ್ತಿದ್ದೇನೆ, ಕೊನೆಗೆ ಆಡಬಹುದು ಎಂದುಬಿಡು. ಇಲ್ಲದಿದ್ದರೆ ನೋಡು" ಎಂದು ಪಿಸುಗುಟ್ಟಿ ಒಂದು ಮಂತ್ರ ಹೇಳಿದ. ಹೊನ್ನಾಜಿಯ ಪಾದದಿಂದ ಮೊಣಕಾಲಿನವರೆಗೆ ತಣ್ಣಗಾಯಿತು. ಸೀರೆಯ ಮೇಲಿಂದಲೇ ಮುಟ್ಟಿ ನೋಡಿಕೊಂಡಳು. ಕಾಲು ಮರವಾಗಿತ್ತು.

"ಬುದ್ಧಿ, ಇವನು ನನ್ನ ಕಾಲನ್ನ ಮರ ಮಾಡವ್ನೆ!" ಎಂದು ಕೂಗಿದಳು.

ದೊರೆ ನಕ್ಕ. "ಕೂತು ಕೂತು ಜೋಮು ಹಿಡಿದಿದೆ ಕಣೆ" ಎಂದ. ಅವನ ಕಣ್ಣು ಬೊಂಬೆ ಬಿಟ್ಟು ಕದಲಿರಲಿಲ್ಲ. ದೊರೆ ನಕ್ಕ ಮೇಲೆ ಸಭೆಯೂ ನಕ್ಕಿತು.

ಹೊನ್ನಾಜಿಗೆ ಹೆದರಿಕೆಯಾಯಿತು. ಯಾರಿಗಾದರೂ ಆಗುತ್ತದೆ. ಆದರೆ ಹೆದರಿಕೆಗಿಂತ ಒಂದು ಕೈ ಹೆಚ್ಚಾಗಿ ಸಿಟ್ಟು ಬಂತು. "ಕಾಲಿಲ್ದಿದ್ರೂ ಕೂತ್ಕೊಂಡು ನೋಡೋ ಕೆಲ್ಸಾನೇ ನಂದು" ಎಂದು ಉಕ್ಕುಗೈಯ ಮುಖಕ್ಕೆ ಹೇಳಿದಳು.

ಎರಡನೆಯದು ಬೀಳಿಸುವ ಪರೀಕ್ಷೆ. ಮಗುವಿನ ಕೈಯಿಂದ ಬಿದ್ದರೆ ಬೊಂಬೆ ಒಡೆದು ಚೂಪಾಗುತ್ತದೋ ಎಂದು ನೋಡಬೇಕು. ಹೊನ್ನಾಜಿ ಅದನ್ನು ಎರಡು ಕೈಯಲ್ಲಿ ಮೇಲೆತ್ತಿ ಕಲ್ಲು ಹಾಸಿನ ಮೇಲೆ ಬಿಟ್ಟಳು. ಧಣ್! ಒಂದು ಗೀರೂ ಬೀಳಲಿಲ್ಲ. ಆದರೆ ಒಳಗಿನಿಂದ ಸಣ್ಣ ದನಿಯೊಂದು "ಅಮ್ಮಾ" ಎಂದಿತು.

ಸಭೆಯಲ್ಲಿ ಕೂತಿದ್ದ ತಾಯಂದಿರೆಲ್ಲ ಒಟ್ಟಿಗೆ ತಿರುಗಿ ನೋಡಿದರು.

"ಒಳಗೆ ತಂತಿ ಇಟ್ಟಿದ್ದೇನೆ ಪ್ರಭು. ಮಾತಾಡುವ ಬೊಂಬೆ!" ಎಂದ ಉಕ್ಕುಗೈ.

"ಮಾತೂ ಆಡುತ್ತದೆಯೇ!" ಎಂದು ದೊರೆ ಚಪ್ಪಾಳೆ ತಟ್ಟಿದ.

ಹೊನ್ನಾಜಿ ಬೊಂಬೆಯನ್ನು ಎತ್ತಿಕೊಂಡು ಎದೆಗವಚಿಕೊಂಡಳು. ಅದು ನಡುಗುತ್ತಿತ್ತು. ತಂತಿ ನೋವಿಗೆ ಅಮ್ಮನನ್ನು ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಉಕ್ಕುಗೈ ಮತ್ತೆ ಬಾಗಿ ಮತ್ತೆ ಮಂತ್ರ ಹೇಳಿದ. ಮರ ಅವಳ ಸೊಂಟದವರೆಗೆ ಏರಿತು.

"ಇನ್ನೂ ಹಟವೇ?" ಎಂದ.

"ಇನ್ನೂ ಕೈ ಐತಲ್ಲ" ಎಂದಳು.

ಮೂರನೆಯದು ಆಟದ ಪರೀಕ್ಷೆ. ಹೊನ್ನಾಜಿ ಬೊಂಬೆಯ ಭುಜ ಮಡಚಿದಳು, ಕಾಲು ಸೇರಿಸಿದಳು, ತಲೆಯನ್ನು ಮಾತ್ರ ನೋಯದ ಹಾಗೆ ಮೆಲ್ಲಗೆ ಒಳಗೆ ತಳ್ಳಿದಳು. ವೀರ ವಿಮಾನವಾಯಿತು. ಅದನ್ನು ತೆಂಕಣ ಕಿಟಕಿಯ ಕಡೆಗೆ ಎಸೆದಳು. ವಿಮಾನ ಭೋರ್ ಎಂದು ಹಾರಿ, ಕಂಬಗಳನ್ನು ಸುತ್ತಿ, ಬಡಗಣ ಕಿಟಕಿಗೆ ಹೋಗಿ ಬಡಿಯಿತು. ಕಾವಲುಗಾರನೊಬ್ಬ ಪ್ರತಿ ಸಲವೂ ಅದನ್ನು ಹೆಕ್ಕಿ ತಂದು ಅವಳ ಮುಂದಿಟ್ಟ. ಮೂಡಣಕ್ಕೆ ಎಸೆದಳು, ಬಡಗಣ ಕಿಟಕಿಗೇ ಹೋಯಿತು. ಪಡುವಣಕ್ಕೆ ಎಸೆದಳು, ಮೂತಿ ತಿರುಗಿಸಿಕೊಂಡು ಮತ್ತೆ ಬಡಗಣ ಕಿಟಕಿಗೇ ಹೋಗಿ ಸರಳಿಗೆ ತಲೆ ಚಚ್ಚಿಕೊಂಡಿತು.

"ಬಡಗಣಕ್ಕೆ ಯಾವ ಊರೈತೆ ಬುದ್ಧಿ?" ಎಂದು ಹೊನ್ನಾಜಿ ಕೇಳಿದಳು.

"ಮರಳೂರು" ಎಂದ ದೊರೆ. ಹೇಳಿದ ಮೇಲೆ ಅವನ ನಗೆ ಸ್ವಲ್ಪ ಕುಂದಿತು. ಮರಳೂರಿನ ಮಕ್ಕಳೆಲ್ಲ ಒಂದೇ ದಿನ ಕಾಣೆಯಾದ ಸುದ್ದಿ ಕಳೆದ ತಿಂಗಳು ಅರಮನೆಗೂ ಬಂದಿತ್ತು. ಆಗ ದೊರೆ ಅಯ್ಯೋ ಪಾಪ ಎಂದು ಊಟಕ್ಕೆ ಎದ್ದಿದ್ದ.

ಉಕ್ಕುಗೈ ಈಗ ಪಿಸುಗುಟ್ಟಲಿಲ್ಲ, ಗಟ್ಟಿಯಾಗಿಯೇ ಮಂತ್ರ ಕೂಗಿದ. ಎಲ್ಲರೂ ನೋಡುತ್ತಿದ್ದಂತೆ ಹೊನ್ನಾಜಿಯ ಎದೆ ಮರವಾಯಿತು, ಕೈ ಮರವಾಯಿತು, ಬೆರಳುಗಳು ಕಡ್ಡಿಯಾದವು. ಕತ್ತಿನವರೆಗೆ ಬಂದು ಮರ ನಿಂತಿತು.

ಸಭೆ ಚೀರಿತು. ಕಾವಲುಗಾರರು ಮುನ್ನುಗ್ಗಿದರು. ಉಕ್ಕುಗೈ ಬೆರಳೆತ್ತಿದೊಡನೆ ಅವರ ಕಾಲುಗಳೂ ನೆಲಕ್ಕಂಟಿದವು.

"ಹೌದು, ಮರಳೂರಿನ ಮಕ್ಕಳೇ" ಎಂದು ಉಕ್ಕುಗೈ ಗಹಗಹಿಸಿದ. "ಇವುಗಳೊಡನೆ ಆಡಿದ ಮಗುವೂ ಸಂಜೆಯೊಳಗೆ ಉಕ್ಕಾಗುತ್ತದೆ. ಮುನ್ನೂರು ಆರುನೂರಾಗುತ್ತದೆ. ಹಾರುವ ಸೈನ್ಯ ಬೇಕು ನನಗೆ. ಹೇಳು ಹೊನ್ನಾಜಿ, ಆಡಬಹುದು ಎನ್ನು. ನಿನ್ನ ಮೈ ನಿನಗೆ ಕೊಡುತ್ತೇನೆ. ಬೇರೆ ಮಾತಾಡಿದೆಯೋ, ತಲೆಯೂ ಮರ!"

ದೊರೆ ಸಿಂಹಾಸನದ ಹಿಂದಕ್ಕೆ ಸರಿದ. "ಹೇಳಿಬಿಡು ಹೊನ್ನಾಜಿ!" ಎಂದು ಗೋಗರೆದ. "ನಮ್ಮನ್ನೆಲ್ಲ ಸುಮ್ಮನೆ ಬಿಡುವುದಿಲ್ಲ ಇವನು. ಇದು ನನ್ನ ಅಪ್ಪಣೆ!"

ಹೊನ್ನಾಜಿ ತಿರುಗಿ ನೋಡಲಾಗದ ಕತ್ತಿನಿಂದಲೇ ಉತ್ತರ ಕೊಟ್ಟಳು.

"ಬುದ್ಧಿ, ರಾಜ್ಯ ನಿಮ್ದು. ತಲೆ ತೆಗೀರಿ, ಗಡೀಪಾರು ಮಾಡಿ, ಏನಾದ್ರೂ ಮಾಡಿ. ಆದ್ರೆ ಬೊಂಬೆ ವಿಚಾರದಲ್ಲಿ ನಿಮ್ಮ ಅಪ್ಪಣೆ ನಡೆಯಾಕಿಲ್ಲ." ಆಮೇಲೆ ಉಕ್ಕುಗೈಯನ್ನು ದಿಟ್ಟಿಸಿದಳು. "ನಿಂಗೆ ನನ್ನ ನಾಲಿಗೆ ಬೇಕಿತ್ತು, ಅದಕ್ಕೇ ಅದನ್ನ ಉಳಿಸ್ದೆ. ಅಲ್ಲೇ ಕೆಟ್ಟೆ ನೀನು. ಮೂರು ಪರೀಕ್ಷೆ ಮುಗೀತು. ಊರೆಲ್ಲ ಕೇಳ್ರಪ್ಪಾ, ಆಡಬಾರದು!"

ಉಕ್ಕುಗೈ ಮಂತ್ರ ಹೇಳಲು ಬಾಯಿ ತೆರೆದ. ಮಾತು ಹೊರಡಲಿಲ್ಲ. ವೀಳ್ಯ ಮುಟ್ಟಿದ ಕೈ ಅವನ ಮಾತು ಮೀರಿ ಮುಂದಕ್ಕೆ ಚಾಚಿತು. ಕಾಲು ತಾನಾಗಿ ಮಡಚಿತು. ಅವನು ದೊಪ್ಪನೆ ನೆಲದ ಮೇಲೆ ಕೂತ. ಅವನ ಬೆರಳುಗಳು ಅವನಿಗೆ ಬೇಡವೆಂದರೂ ವಿಮಾನವನ್ನು ಹತ್ತಿರಕ್ಕೆಳೆದು ಒಂದೊಂದೇ ಕೀಲು ಬಿಚ್ಚತೊಡಗಿದವು. ರೆಕ್ಕೆ ಬಿಚ್ಚಿದ, ಪುಟ್ಟ ತೋಳು ಬಂತು. ಮೂತಿ ಬಿಚ್ಚಿದ, ಕೆದರಿದ ಜಡೆ ಬಂತು. ಕೊನೆಯ ಕೀಲು ಕಳಚಿದಾಗ ಸಭೆಯ ನಡುವೆ ಆರೇಳು ವರ್ಷದ ಹುಡುಗಿಯೊಬ್ಬಳು ಕಣ್ಣುಜ್ಜಿಕೊಳ್ಳುತ್ತ ಕೂತಿದ್ದಳು.

ಕಟ್ಟಳೆ ಒಂದೇ ಬೊಂಬೆಗೆ ನಿಲ್ಲುವುದಿಲ್ಲ. ಬಂಡಿಗಳು ಒಳಗೆ ಬಂದವು. ಉಕ್ಕುಗೈ ಬಿಚ್ಚಿದ, ಬಿಚ್ಚಿದ, ಬಿಚ್ಚುತ್ತಲೇ ಹೋದ. ಒಂದೊಂದು ಮಗು ಎದ್ದಾಗಲೂ ಅವನ ಮಾಯೆ ಒಂದಷ್ಟು ಕರಗಿತು, ಹೊನ್ನಾಜಿಯ ಮೈಯಿಂದ ಮರ ಒಂದಷ್ಟು ಇಳಿಯಿತು. ಕತ್ತು ಬಂತು, ಕೈ ಬಂತು, ಸೊಂಟ ಬಂತು. ಮುನ್ನೂರನೆಯ ಮಗು ಎದ್ದು ನಿಂತಾಗ ಹೊನ್ನಾಜಿಯೂ ಎದ್ದು ನಿಂತಳು, ಕಾವಲುಗಾರರ ಕಾಲುಗಳೂ ಬಿಡಿಸಿಕೊಂಡವು. ಉಕ್ಕುಗೈಯಲ್ಲಿ ಒಂದು ಬುಗುರಿ ತಿರುಗಿಸುವಷ್ಟು ಮಾಯೆಯೂ ಉಳಿದಿರಲಿಲ್ಲ. ಆಮೇಲೆ ಅವನನ್ನು ಮರಳೂರಿಗೆ ಕರೆದೊಯ್ದು ಅಲ್ಲಿನ ತಾಯಂದಿರಿಗೆ ಒಪ್ಪಿಸಿದರು. ಅವರು ಅವನನ್ನು ಏನು ಮಾಡಿದರೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ತಿಪ್ಪರಾಜ ನಾಚಿಕೆಯಿಂದ ಹೊನ್ನಾಜಿಯ ಹತ್ತಿರ ಬಂದ. "ತಪ್ಪಾಯಿತು ಕಣಮ್ಮ" ಎಂದ. ದೊರೆಗಳ ಬಾಯಲ್ಲಿ ಆ ಮಾತು ಸುಲಭಕ್ಕೆ ಬರುವುದಿಲ್ಲ. "ಏನು ಬೇಕು ಕೇಳು, ಕೊಡುತ್ತೇನೆ."

ಹೊನ್ನಾಜಿ ಬಾಯಿ ತೆರೆಯುವ ಮೊದಲೇ ಯಾರೋ ಅವಳ ಸೆರಗು ಜಗ್ಗಿದರು. ಮೊದಲು ಎದ್ದ ಆ ಹುಡುಗಿ. ಹೆಸರು ಕೆಂಪಿಯಂತೆ. ಹಣೆಯ ಮೇಲೆ ನೆಲ್ಲಿಕಾಯಿ ಗಾತ್ರದ ಬುಗುಟು. ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನನ್ನ ಕಲ್ಲಿನ ಮೇಲೆ ಯಾಕೆ ಬೀಳಿಸ್ದೆ?" ಎಂದು ಕೇಳಿದಳು.

ದೊರೆಗೆ ತಲೆಬಾಗದ ಹೊನ್ನಾಜಿ, ಮಾಯಗಾರನಿಗೆ ಸೊಪ್ಪು ಹಾಕದ ಹೊನ್ನಾಜಿ, ತಬ್ಬಿಬ್ಬಾದಳು. ಪರೀಕ್ಷೆ, ಕಟ್ಟಳೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ನೆಲಕ್ಕೆ ಮಂಡಿಯೂರಿ, ಮಗುವಿನ ಕಣ್ಣಿಗೆ ಕಣ್ಣು ಸಮಮಾಡಿ, "ನಂದು ತಪ್ಪಾಯ್ತು ಕಣವ್ವ" ಎಂದಳು. ಅಲ್ಲಿಯ ತನಕ ತಡೆದಿಟ್ಟಿದ್ದ ಅಳು ಆಗ ನುಗ್ಗಿ ಬಂತು.

ಕೆಂಪಿ ಒಂದು ಗಳಿಗೆ ಅವಳನ್ನೇ ಪರೀಕ್ಷಿಸಿ ನೋಡಿದಳು. ಆಮೇಲೆ, "ಹೋಗ್ಲಿ ಬಿಡು. ಈಗ ಎತ್ಕೊ, ಬಡಗಣ ದಿಕ್ಕಿಗೆ ನಡಿ" ಎಂದು ಕೈ ಚಾಚಿದಳು.

ಹೊನ್ನಾಜಿ ಅವಳನ್ನು ಎತ್ತಿಕೊಂಡಳು. ಮುಂದೆ ಅವಳು, ಹಿಂದೆ ಇನ್ನೂರ ತೊಂಬತ್ತೊಂಬತ್ತು ಮಕ್ಕಳು, ಅವರ ಹಿಂದೆ ಬರಿಗಾಲಿನಲ್ಲಿ ದೊರೆ. ಮರಳೂರಿನಲ್ಲಿ ಅಂದು ಉರಿಯದ ಒಲೆಯಿಲ್ಲ, ನಗದ ಮನೆಯಿಲ್ಲ. ಆ ಎರಡೂ ಊರಿನ ಮಕ್ಕಳು ಈಗಲೂ ಹೊರಗೆ ಆಡುತ್ತಿವೆಯಂತೆ, ಊಟಕ್ಕೆ ಎಷ್ಟು ಕೂಗಿದರೂ ಬರುವುದಿಲ್ಲವಂತೆ.