ಅಪ್ಪನ ಕ್ರೋಟನ್‌ಗೆ ಹಿಟ್ಟು ತಿಗಣೆ

"ಅದನ್ನ ಕೆಳಗಿಡಿ. ಈಗಲೇ."

ಹಲ್ಲಿನ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತೇ ಅವಳು ಹೇಳಿದಳು. ಹೆಗಲಿನ ಚೀಲವನ್ನೂ ಇಳಿಸಿರಲಿಲ್ಲ.

ಅವಳು ದಿನವಿಡೀ ಕೂರುವ ರಿಸೆಪ್ಶನ್ ಮೇಜಿನ ಮೇಲೆ ಯಾರೋ ಹಳೇ ಪೇಪರ್ ಹಾಸಿದ್ದರು. ಅದರ ಮೇಲೆ ಅವಳ ಅಪ್ಪನ ಕ್ರೋಟನ್ ಗಿಡ ಒಂದು ಕಡೆಗೆ ವಾಲಿತ್ತು. ಎಂದೂ ನೋಡಿರದ ಒಬ್ಬ ಮನುಷ್ಯ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಅದರ ಎಲೆಯ ಬುಡಕ್ಕೆ ಒತ್ತುತ್ತಿದ್ದ.

ಎಷ್ಟೋ ವರ್ಷಗಳ ಹಿಂದಿನ ಮಾತು ಇದು. ಇವತ್ತಿಗೂ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದರೆ ಅವಳಿಗೆ ಆ ಗುರುವಾರದ ಬೆಳಗೇ ನೆನಪಾಗುತ್ತದೆ... ಆ ಬೆಳಗಿನಲ್ಲಿ ತಾನೆಷ್ಟು ಒರಟಾಗಿದ್ದೆ ಎಂಬುದೂ.

"ಇದು ನಿಮ್ದಾ ಮೇಡಂ?" ಅವನು ಮೆಲ್ಲಗೆ ಕೇಳಿದ.

"ನಮ್ಮಪ್ಪಂದು."

"ಇದಕ್ಕೆ ಹಿಟ್ಟು ತಿಗಣೆ ಹಿಡಿದಿದೆ. ಇಲ್ಲಿ ನೋಡಿ, ಬಿಳೀ ಹತ್ತಿ ಥರ ಕೂತಿದೆಯಲ್ಲ, ಅದೇ. ಇದೊಂದನ್ನ ಬೇರೆ ಇಡ್ಬೇಕು. ಇಲ್ಲಾಂದ್ರೆ ಉಳಿದವಕ್ಕೂ ಹರಡುತ್ತೆ."

ಕ್ಲಿನಿಕ್ಕಿನ ಉಳಿದ ಗಿಡಗಳೆಲ್ಲ ಒಂದು ನರ್ಸರಿಯಿಂದ ಬಾಡಿಗೆಗೆ ಬಂದವು. ವಾರಕ್ಕೊಮ್ಮೆ ಅವುಗಳ ಆರೈಕೆಗೆ ಬರುವ ಹೊಸಬ ಇವನು. ಇವನ ಬಾಡಿಗೆ ಗಿಡಗಳು ಶುದ್ಧ, ನಮ್ಮಪ್ಪನ ಗಿಡ ಮಾತ್ರ ಕೊಳಕೇ? ಅವಳ ಮೈ ಉರಿದುಹೋಯಿತು.

"ಹುಳ ಇದ್ರೆ ನಿಮ್ಮ ಕುಂಡಗಳಿಂದಲೇ ಬಂದಿರತ್ತೆ. ಇದಕ್ಕೆ ಇಪ್ಪತ್ತು ವರ್ಷದಲ್ಲಿ ಒಂದು ಹುಳ ಬಿದ್ದಿಲ್ಲ."

ಅವನು ಗಿಡವನ್ನು ನೆಟ್ಟಗೆ ನಿಲ್ಲಿಸಿ ಮೂಲೆಯ ಬಾಡಿಗೆ ರಬ್ಬರ್ ಗಿಡದ ಕಡೆಗೆ ನಡೆದ.

ಆ ಗಿಡ ಅವಳಿಗೆ ಬರೀ ಗಿಡವಾಗಿರಲಿಲ್ಲ. ಅಪ್ಪ ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದರು. ಅವರ ಕಿಟಕಿಯಲ್ಲಿ, ಬಣ್ಣದ ಖಾಲಿ ಡಬ್ಬಿಯೊಂದರಲ್ಲಿ ಈ ಕ್ರೋಟನ್ ಬೆಳೆದಿತ್ತು. ನಿವೃತ್ತಿಯ ದಿನ ಅವರು ಡಿಪೋದಿಂದ ಮನೆಗೆ ತಂದದ್ದು ಇದೊಂದನ್ನೇ. ಭಾನುವಾರ ಬಂತೆಂದರೆ ರೇಡಿಯೋ ಹಚ್ಚಿಕೊಂಡು, ಒದ್ದೆ ಕರವಸ್ತ್ರದಿಂದ ಒಂದೊಂದೇ ಎಲೆ ಒರೆಸುತ್ತಿದ್ದರು. "ಬಸ್ಸಿನ ಧೂಳು ಕುಡಿದು ಬೆಳೆದ ಗಿಡ ಕಣೇ, ಇದಕ್ಕೆ ಮನೆ ಗಾಳಿ ಒಗ್ಗಲ್ಲ" ಎಂದು ನಗುತ್ತಿದ್ದರು.

ಅಪ್ಪ ಹೋದ ಮೇಲೆ ಅವಳು ಅಕ್ಕ-ಭಾವನ ಜೊತೆಗಿದ್ದಳು. ಆ ಮನೆಗೆ ಬಿಸಿಲೇ ಬೀಳದು. ಹಾಗಾಗಿ ಗಿಡ ಕ್ಲಿನಿಕ್ಕಿನ ಮೇಜಿಗೆ ಬಂದಿತ್ತು.

ಮುಂದಿನ ಗುರುವಾರವೂ ಅವನು ಅದೇ ಮಾತು ಹೇಳಿದ. ಅದರ ಮುಂದಿನ ಗುರುವಾರವೂ. ಅವನು ಬರುವ ಹೊತ್ತಿಗೆ ಅವಳು ಕ್ರೋಟನ್ನನ್ನು ಮೇಜಿನ ಒಳಬದಿಗೆ, ತನ್ನ ಕಾಲ ಬಳಿ ಸರಿಸಿಕೊಳ್ಳತೊಡಗಿದಳು. ಅಷ್ಟರಲ್ಲಿ ಹುಳ ಹರಡಿದ್ದ ಉಳಿದ ಗಿಡಗಳನ್ನೆಲ್ಲ ಅವನು ಒರೆಸುತ್ತಿದ್ದ, ಸೋಪಿನ ನೀರು ಚಿಮುಕಿಸುತ್ತಿದ್ದ. ಒಂದು ವಾರ ಕಳೆಯುವಷ್ಟರಲ್ಲಿ ಬಿಳಿ ಮತ್ತೆ ಹಾಜರ್.

ಕೊನೆಗೆ ರಬ್ಬರ್ ಗಿಡದ ಎಲೆಗಳಿಂದ ಆ ಹುಳ ಸುರಿಸುವ ಅಂಟು ತೊಟ್ಟಿಕ್ಕಿ, ಅದರ ಕೆಳಗೆ ಕೂತಿದ್ದ ರೋಗಿಯೊಬ್ಬರ ಬಿಳಿ ಅಂಗಿ ಹಾಳಾಯಿತು. ಡಾಕ್ಟರಮ್ಮ ಹೊರಗೆ ಬಂದು, ಈ ಹುಳ ಎಲ್ಲಿಂದ ಬಂತು ಎಂದು ಎಲ್ಲರೆದುರೇ ಕೇಳಿದರು.

"ಬಾಡಿಗೆ ಕುಂಡಗಳಿಂದ ಮೇಡಂ" ಎಂದಳು ಅವಳು.

ಅವನು ಅಲ್ಲೇ ಇದ್ದ, ಕೈಯಲ್ಲಿ ಹತ್ತಿ ಹಿಡಿದು. ಒಮ್ಮೆ ಅವಳ ಮುಖ ನೋಡಿದ, ಅಷ್ಟೇ.

ಮರುದಿನವೇ ಬಾಡಿಗೆ ಗಿಡಗಳೆಲ್ಲ ವ್ಯಾನು ಹತ್ತಿದವು. ನರ್ಸರಿಯ ಮಾಲೀಕ ಅವನನ್ನು ಆರೈಕೆಯ ಕೆಲಸದಿಂದ ತೆಗೆದು ಮಣ್ಣು ತುಂಬಲು ಹಾಕಿದ್ದಾನೆಂದು ವ್ಯಾನಿನ ಡ್ರೈವರ್ ಹೇಳಿ ಹೋದ. ಅವಳಿಗೆ ಎಲ್ಲೋ ಚುಚ್ಚಿತು. ಆದರೂ ತನ್ನದೇ ಸರಿ ಎಂದುಕೊಂಡಳು.

ಮೂರು ವಾರ ಕಳೆಯಿತು. ಕ್ಲಿನಿಕ್ಕಿನಲ್ಲಿ ಈಗ ಉಳಿದದ್ದು ಕ್ರೋಟನ್ ಒಂದೇ. ಒಂದು ಬೆಳಗ್ಗೆ ಮೇಜಿನ ಕಾಲಿನಗುಂಟ ಇರುವೆ ಸಾಲು ಕಂಡಿತು. ಸಾಲು ನೇರವಾಗಿ ಕ್ರೋಟನ್ನಿಗೇ ಹೋಗುತ್ತಿತ್ತು. ಅವಳು ಎಲೆ ಎತ್ತಿದಳು...

ಎಲೆಯಡಿ ಪೂರ್ತಿ ಬೆಳ್ಳಗಾಗಿತ್ತು.

ಅಕ್ಕಪಕ್ಕ ಬೇರೆ ಗಿಡವೇ ಇರಲಿಲ್ಲ, ತಪ್ಪನ್ನು ಯಾರ ಮೇಲೆ ಹಾಕುವುದು? ಆಗ ಅವಳಿಗೆ ನೆನಪಾಯಿತು. ಅಪ್ಪನ ಕೊನೆಯ ವರ್ಷ. ಕೈ ನಡುಗಿ ಅವರಿಗೆ ಎಲೆ ಒರೆಸಲು ಆಗುತ್ತಿರಲಿಲ್ಲ. ಔಷಧಿ, ಆಸ್ಪತ್ರೆ ಎಂಬ ಓಡಾಟದಲ್ಲಿ ಅವಳಿಗೆ ಪುರುಸೊತ್ತಿರಲಿಲ್ಲ. ಕಾಂಡದ ಸಂದಿಯಲ್ಲಿ ಏನೋ ಬೆಳ್ಳಗಿರುವುದನ್ನು ಆಗಲೇ ಕಂಡಿದ್ದಳು. ಧೂಳಿರಬೇಕು ಎಂದುಕೊಂಡಿದ್ದಳು.

ಅವತ್ತೇ ಅವಳು ಡಾಕ್ಟರಮ್ಮನ ಬಳಿ ಹೋಗಿ, ತಪ್ಪು ನರ್ಸರಿಯದಲ್ಲ, ನನ್ನದು ಎಂದು ಒಪ್ಪಿಕೊಂಡಳು. ಡಾಕ್ಟರಮ್ಮ ಕನ್ನಡಕ ತೆಗೆದು ಅವಳನ್ನೇ ನೋಡಿ, ಅದನ್ನು ನನಗಲ್ಲ, ಆ ಮನುಷ್ಯನಿಗೆ ಹೇಳು ಎಂದರು. ತಾವೇ ನರ್ಸರಿಗೆ ಫೋನನ್ನೂ ಮಾಡಿದರು.

ಭಾನುವಾರ ಅವಳು ಗಿಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಊರಾಚೆಯ ನರ್ಸರಿಗೆ ಹೋದಳು. ಅವನು ಮಣ್ಣು ಜರಡಿ ಹಿಡಿಯುತ್ತಿದ್ದ. ಅವಳು ಚೀಲವನ್ನು ಅವನ ಮುಂದಿಟ್ಟಳು.

"ಹುಳ ನಮ್ಮ ಗಿಡದ್ದೇ. ತಪ್ಪಾಯ್ತು."

"ಗೊತ್ತು ಮೇಡಂ."

"ಗೊತ್ತಿದ್ದೂ ಅವತ್ತು ಯಾಕೆ ಸುಮ್ಮನಿದ್ರಿ?"

"ಹೇಳಿದ್ರೆ ಡಾಕ್ಟರಮ್ಮ ಅದನ್ನ ಆಗಲೇ ಹೊರಗೆ ಹಾಕಿಸೋರು. ನೀವು ಅದನ್ನ ಕಾಲ ಹತ್ರ ಬಚ್ಚಿಡೋದು ನೋಡಿದ್ದೆ..."

ಅವಳು ಮುಖ ತಿರುಗಿಸಿಕೊಂಡಳು. ಅವನೂ ನೋಡಲಿಲ್ಲ. ಚೀಲ ಬಿಚ್ಚಿ ಗಿಡವನ್ನು ಹೊರತೆಗೆದ.

ಅವತ್ತು ಮಧ್ಯಾಹ್ನವಿಡೀ ಇಬ್ಬರೂ ಎದುರುಬದುರು ಕೂತು ಎಲೆ ಒರೆಸಿದರು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಸಂದಿಗೊಂದಿಯಿಂದ ಹುಳ ಎತ್ತುವುದನ್ನು ಅವನು ತೋರಿಸಿಕೊಟ್ಟ.

"ಇವು ಕರೆಯದೇ ಬಂದ ನೆಂಟರ ಥರ ಮೇಡಂ. ಬಂದ ಮೇಲೆ ಹೊರಡೋ ಮಾತೇ ಇಲ್ಲ. ಸಾಲದ್ದಕ್ಕೆ ಸಂಸಾರ ಬೇರೆ ಹೂಡ್ತವೆ."

ಅವಳು ನಕ್ಕಳು. ಅಪ್ಪ ಹೋದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ಕೇಳದಿದ್ದರೂ ಅಪ್ಪನ ಕಥೆ ಹೇಳತೊಡಗಿದಳು. ಡಿಪೋ, ರೇಡಿಯೋ, ಕರವಸ್ತ್ರ... ಅವನು ಕೈ ನಿಲ್ಲಿಸದೆ ಕೇಳಿಸಿಕೊಂಡ. ಅಮ್ಮ ತೀರಿದ ಮೇಲೆ ತಾನೂ ಒಬ್ಬನೇ ಎಂದಷ್ಟೇ ಹೇಳಿದ.

ಮಣ್ಣು ಬಿಡಿಸಿ ನೋಡಿದಾಗ ಬೇರಿನಲ್ಲೂ ಬಿಳಿ ಇತ್ತು. ಅವನ ಮುಖ ಗಂಭೀರವಾಯಿತು. ಬೇರು ತೊಳೆದು, ಕೊಳೆತದ್ದನ್ನು ಕತ್ತರಿಸಿ, ಹೊಸ ಮಣ್ಣಿಗೆ ಹಾಕಿ ಹಿಂದಿನ ಶೆಡ್ಡಿನಲ್ಲಿಟ್ಟ. ಮುಂದಿನ ಭಾನುವಾರ ಬನ್ನಿ, ನೋಡೋಣ ಎಂದ.

ಮುಂದಿನ ಭಾನುವಾರ ಗಿಡ ಸೊರಗಿತ್ತು, ಆದರೆ ಹಸಿರಿತ್ತು. ಅದಾದ ಮೇಲೆ ಅವನು ಶೆಡ್ಡಿನ ಬಾಗಿಲು ತೆಗೆಯಲೇ ಇಲ್ಲ. ಬೇರು ಈಗಷ್ಟೇ ಮಣ್ಣು ಹಿಡಿಯುತ್ತಿದೆ, ಗಾಳಿ ತಾಗಿಸಬಾರದು ಎನ್ನುತ್ತಿದ್ದ. ಅವಳು ಸರಿ ಎಂದು ತಲೆಯಾಡಿಸಿ, ಅವನ ಪಕ್ಕ ಕೂತು ಬೇರೆ ಗಿಡಗಳ ಎಲೆ ಒರೆಸುತ್ತಿದ್ದಳು. ಅವನು ಎದುರಿನ ಅಂಗಡಿಯಿಂದ ಟೀ ತರುತ್ತಿದ್ದ. ಸಂಜೆಯ ಬಸ್ಸಿಗೆ ಹೊರಟರೆ ಗೇಟಿನ ತನಕ ಬರುತ್ತಿದ್ದ. ಹೀಗೆ ಏಳು ಭಾನುವಾರ ಸರಿದವು. ಮಾಲೀಕನ ಮನಸ್ಸೂ ಕರಗಿ ಅವನನ್ನು ಮತ್ತೆ ಆರೈಕೆಯ ಕೆಲಸಕ್ಕೆ ಹಾಕಿದ್ದ.

ಅಕ್ಕ ಒಂದು ದಿನ, ಒಂದು ಗಿಡ ನೋಡಲು ಇಷ್ಟು ಚೆನ್ನಾಗಿ ತಲೆ ಬಾಚಿಕೊಂಡು ಹೋಗುವವರನ್ನು ನಾನು ಕಂಡಿಲ್ಲಪ್ಪ ಎಂದಳು. ಅವಳು ಕೇಳಿಸದವಳಂತೆ ಚಪ್ಪಲಿ ಮೆಟ್ಟಿದಳು.

ಎಂಟನೇ ಭಾನುವಾರ ಅವನು ಟೀ ತರಲು ಹೋಗಲಿಲ್ಲ. ಮಾಲೀಕ ಬೇರೆ ಊರಿನಲ್ಲಿ ಹೊಸ ನರ್ಸರಿ ತೆರೆಯುತ್ತಿದ್ದಾನೆ, ಅದನ್ನು ನೋಡಿಕೊಳ್ಳಲು ತನ್ನನ್ನೇ ಕಳಿಸುತ್ತಿದ್ದಾನೆ ಎಂದ. ಆಮೇಲೆ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟ.

"ನಿಮಗೊಂದು ಸುಳ್ಳು ಹೇಳಿದೀನಿ. ಅದನ್ನ ಇಟ್ಕೊಂಡು ಹೋಗೋಕಾಗಲ್ಲ... ಗಿಡ ಉಳೀಲಿಲ್ಲ. ಎರಡನೇ ವಾರವೇ ಹೋಯ್ತು. ಹೇಳಿದ್ರೆ ನೀವು ಬರೋದು ನಿಲ್ಸ್ತೀರಿ ಅನ್ನಿಸ್ತು."

ಅವಳು ತಲೆ ತಗ್ಗಿಸಿ ಕೂತಿದ್ದಳು. ಅವನು ಅವಳನ್ನೇ ನೋಡುತ್ತಿದ್ದ. ಅವಳ ಅಪ್ಪನ ಕೊನೆಯ ಗುರುತು ಅದು. ಬೈದರೂ ಸರಿ, ಎದ್ದು ಹೋಗದಿದ್ದರೆ ಸಾಕು...

"ನನಗೆ ಗೊತ್ತಿತ್ತು" ಎಂದಳು ಅವಳು.

"ಏನು?"

"ಮೂರನೇ ಭಾನುವಾರ ನೀವು ಟೀ ತರೋಕೆ ಹೋದಾಗ ಶೆಡ್ಡಿನ ಬಾಗಿಲು ತೆಗೆದು ನೋಡ್ದೆ. ಕಡ್ಡಿ ಆಗಿತ್ತು."

ಅವತ್ತು ಬಸ್ಸಿನಲ್ಲಿ ಊರು ಬರುವ ತನಕ ಅವಳು ಅತ್ತಿದ್ದಳು. ಗಿಡಕ್ಕಾಗಿ ಅಲ್ಲ. ಅಪ್ಪ ಹೋದಾಗ ಹತ್ತು ಜನರ ನಡುವೆ ಓಡಾಡುತ್ತಾ ಅಳದೇ ಉಳಿದದ್ದನ್ನೆಲ್ಲ ಅವತ್ತು ಅತ್ತು ಮುಗಿಸಿದ್ದಳು. ಮನಸ್ಸು ಹಗುರಾಗಿತ್ತು. ಮತ್ತೆ ಭಾನುವಾರ ಬಂದಾಗ, ಹೋಗಲು ಕಾರಣವೇ ಇಲ್ಲವೆಂದು ಗೊತ್ತಿದ್ದೂ ಕನ್ನಡಿ ಮುಂದೆ ನಿಂತಿದ್ದಳು. ಅಲ್ಲೇ ಅವಳಿಗೆ ತನ್ನ ಮನಸ್ಸು ಅರ್ಥವಾದದ್ದು.

"ಗೊತ್ತಿದ್ದೂ... ಇಷ್ಟು ವಾರ ಯಾಕೆ ಬಂದ್ರಿ?" ಅವನ ಧ್ವನಿ ಇಳಿದಿತ್ತು.

"ನೀವು ಬನ್ನಿ ಅಂತಿದ್ರಲ್ಲ."

ಅವನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಇಬ್ಬರ ನಡುವೆ ಇದ್ದ ಕುಂಡವನ್ನು ಪಕ್ಕಕ್ಕೆ ಸರಿಸಿದ.

"ಆ ಊರಿಗೆ ನನ್ನ ಜೊತೆ ಬರ್ತೀರಾ?"

"ಮೊದಲು ಮನೆಗೆ ಬಂದು ಅಕ್ಕನ್ನ ಕೇಳಿ."

"ಅವರು ಬೇಡ ಅಂದ್ರೆ?"

"ಕೇಳೋದು ಅವಳನ್ನ. ಉತ್ತರ ಹೇಳೋದು ನಾನು."

"ಏನಂತ ಹೇಳ್ತೀರಿ?"

ಅವಳು ಕೈ ಚಾಚಿ ಅವನ ಕೈ ಹಿಡಿದುಕೊಂಡಳು. ಅವನು ಗಾಬರಿಯಾಗಿ ಹಿಂದೆಳೆಯಲು ನೋಡಿದ.

"ಇರಿ, ಕೈಯೆಲ್ಲ ಮಣ್ಣಾಗಿದೆ. ತೊಳ್ಕೊಂಡು ಬರ್ತೀನಿ."

"ಆಮೇಲೆ ತೊಳ್ಕೊಳ್ಳಿ" ಎಂದಳು ಅವಳು, ಕೈ ಬಿಡದೆ.